ಹಿಮದ ಗುಡ್ಡಕ್ಕೆ ಇಬ್ಬರು ಓರಗಿತ್ತಿಯರು

ಆ ಶನಿವಾರ ಲಂಡನ್ನಿನ ಹೊರಗಿನ ಲೀತ್ ಹಿಲ್ ಗುಡ್ಡ ಹತ್ತಬೇಕಾಗಿದ್ದವರು ನಾವು ಆರು ಜನ. ಕೊನೆಗೆ ಹತ್ತಿದ್ದು ಇಬ್ಬರೇ: ನಾನು ಮತ್ತು ನನ್ನ ಮೈದುನನ ಹೆಂಡತಿ. ಐದು ವರ್ಷದಿಂದ ಒಬ್ಬರಿಗೊಬ್ಬರು "ಊಟ ಆಯ್ತಾ", "ಮಕ್ಕಳು ಹೇಗಿದ್ದಾರೆ" ಅನ್ನುವುದು ಬಿಟ್ಟು ಮೂರನೇ ಮಾತು ಆಡಿರದವರು.

ನನ್ನ ತವರು ಮೈಸೂರು. ಅಲ್ಲಿ ಇಂಥ ಸಂಬಂಧಕ್ಕೆ ಓರಗಿತ್ತಿ ಅನ್ನುತ್ತೇವೆ. ಗಂಡನ ಮನೆ ಧಾರವಾಡ, ಅಲ್ಲಿ ನೆಗೆಣ್ಣಿ. ಮದುವೆಯಾದ ಹೊಸದರಲ್ಲಿ ಅತ್ತೆಯವರು "ಚಲೋ ನೆಗೆಣ್ಣಿ ಸಿಗಾಕ ಪುಣ್ಯಾ ಮಾಡಿರಬೇಕವಾ" ಅಂದಾಗ, ಇದ್ಯಾವುದೋ ತಲೆಗೆ ಹಚ್ಚುವ ಎಣ್ಣೆ ಇರಬೇಕು ಅಂದುಕೊಂಡು ತಲೆಯಾಡಿಸಿದ್ದೆ. ಎರಡು ವರ್ಷದ ನಂತರ ಅವಳು ಬಂದಳು. ಹುಬ್ಬಳ್ಳಿಯ ಹುಡುಗಿ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ನನಗಿಂತ ಎರಡು ಪಟ್ಟು ಜೋರಾಗಿ ನಗುವವಳು. ಆಮೇಲೆ ಎರಡು ಸಂಸಾರಗಳೂ ಲಂಡನ್ನಿಗೆ ಬಂದವು. ನನ್ನ ಗಂಡ ಡಾಕ್ಟರು, ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ. ಮೈದುನನಿಗೆ ಕಂಪ್ಯೂಟರ್ ಕೆಲಸ. ಅವಳು ಇನ್ನೊಂದು ಆಸ್ಪತ್ರೆಯಲ್ಲಿ, ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ. ಅವರ ಮನೆ ಕ್ವೀನ್ಸ್‌ಬರಿ, ನಮ್ಮದು ಸಟನ್. ಲಂಡನ್ನಿನ ಉತ್ತರದ ತುದಿಯಿಂದ ದಕ್ಷಿಣದ ತುದಿ. ಆ ದೂರ ನನಗೆ ಐದು ವರ್ಷ ತುಂಬ ಅನುಕೂಲವಾಗಿತ್ತು.

ಮುನಿಸಿನ ಕಾರಣ ಹೇಳಿಬಿಡುತ್ತೇನೆ. ನಾವು ಸಟನ್ನಿಗೆ ಮನೆ ಬದಲಾಯಿಸಿದ್ದೇ ಅಲ್ಲಿನ ಗ್ರಾಮರ್ ಸ್ಕೂಲುಗಳಿಗಾಗಿ, ಪ್ರವೇಶ ಪರೀಕ್ಷೆ ಪಾಸಾದವರನ್ನಷ್ಟೇ ಸೇರಿಸಿಕೊಳ್ಳುವ ಸರ್ಕಾರಿ ಶಾಲೆಗಳವು. ಮಗನಿಗೆ ಒಂಬತ್ತು ತುಂಬಿದಾಗಿನಿಂದ ಟ್ಯೂಷನ್, ಭಾನುವಾರ ಮಾದರಿ ಪರೀಕ್ಷೆ, ಅಡುಗೆಮನೆಯ ಗೋಡೆಗೆಲ್ಲ ಇಂಗ್ಲಿಷ್ ಪದಗಳ ಚೀಟಿ. ಅವನಿಗೆ ಸೀಟು ಸಿಗಲಿಲ್ಲ. ಕ್ವೀನ್ಸ್‌ಬರಿ ಬಿಟ್ಟು ಕದಲದ ಅವರ ಮಗಳಿಗೆ, ಅದೇ ವರ್ಷ, ಅವರ ಕಡೆಯ ಗ್ರಾಮರ್ ಸ್ಕೂಲಿನಲ್ಲಿ ಸಿಕ್ಕಿತು. ಫಲಿತಾಂಶದ ದಿನ ಸಂಜೆ ಅವಳು ಫೋನ್ ಮಾಡಿ, "ಹೋಗ್ಲಿ ಬಿಡ್ರಿ ಅಕ್ಕಾರ, ಎಲ್ಲಾರೂ ಪಾಸ್ ಆಗಾಕ ಆಗ್ತದೇನು?" ಅಂದಳು. ನಾನು "ಹೌದು" ಅಂದು ಫೋನ್ ಇಟ್ಟೆ. ಆ ಒಂದು ವಾಕ್ಯವನ್ನು ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಔಷಧದ ಚೀಟಿ ಪರೀಕ್ಷಿಸುವಾಗ ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದ್ದೇನೋ ಲೆಕ್ಕವಿಲ್ಲ. ತಿರುಗಿಸಿದಷ್ಟೂ ಅದು ಚೂಪಾಗುತ್ತಿತ್ತು. ಆಮೇಲಿನ ಹಬ್ಬಗಳಲ್ಲಿ ಭೇಟಿಯಾದೆವು, ಕುಂಕುಮ ಕೊಟ್ಟೆವು, ಡಬ್ಬಿಯಲ್ಲಿ ತಿಂಡಿ ತುಂಬಿಕೊಟ್ಟೆವು. ಮಾತು ಮಾತ್ರ ಇರಲಿಲ್ಲ.

ಗುಡ್ಡ ಹತ್ತುವ ಯೋಜನೆ ಅಣ್ಣತಮ್ಮಂದಿರದ್ದು. ಇಬ್ಬರಿಗೂ ಹೊಟ್ಟೆ ಬಂದಿತ್ತು, ಇಬ್ಬರಿಗೂ ಮನೆ ಹತ್ತಿರದ ಡಾಕ್ಟರು ನಡೆಯಲು ಹೇಳಿದ್ದರು. ನವೆಂಬರ್ ಕೊನೆಯ ಶನಿವಾರ ಎಂದು ನಿಶ್ಚಯವಾಯಿತು. ಶುಕ್ರವಾರ ಹಿಮ ಬಿತ್ತು. ಸಟನ್ನಿನಲ್ಲಿ ರವೆ ಚೆಲ್ಲಿದಷ್ಟು, ನಾವು ಹೋಗಬೇಕಿದ್ದ ಡಾರ್ಕಿಂಗ್ ಕಡೆಯ ಗುಡ್ಡಗಳಲ್ಲಿ ನಾಲ್ಕು ಬೆರಳಷ್ಟು ಅಂತ ಸುದ್ದಿ. ಶನಿವಾರ ಬೆಳಿಗ್ಗೆ ಆರಕ್ಕೆ ನನ್ನ ಗಂಡನಿಗೆ ಆಸ್ಪತ್ರೆಯಿಂದ ಕರೆ ಬಂತು, ಸಹೋದ್ಯೋಗಿಗೆ ಹುಷಾರಿಲ್ಲ. ಏಳಕ್ಕೆ ಮೈದುನ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯಲು ಹೋಗಿ ಸೊಂಟ ಹಿಡಿಸಿಕೊಂಡ. ಕಾರು ಓಡಿಸುವವರೇ ಇಲ್ಲ ಅಂದಮೇಲೆ ಇಬ್ಬರು ಮಕ್ಕಳೂ ಹಾಸಿಗೆಯಿಂದಲೇ ಬರುವುದಿಲ್ಲ ಅಂದರು.

ಉಳಿದವರು ನಾವಿಬ್ಬರು. ನಾನೇ ಬೇಡ ಅಂದರೆ ಸಣ್ಣತನವಾಗುತ್ತದೆ, ಅವಳೇ ಹೇಳಲಿ ಅಂತ ನಾನು ಕಾದೆ. ತಾನು ಬೇಡ ಅಂದರೆ ಅಕ್ಕಾರಿಗೆ ಬೇಜಾರಾಗುತ್ತದೆ, ಅವರೇ ಹೇಳಲಿ ಅಂತ ಅವಳು ಕಾದಳಂತೆ. ಒಂಬತ್ತಕ್ಕೆ ಅವಳ ಸಂದೇಶ ಬಂತು: "ವಿಕ್ಟೋರಿಯಾದಾಗ ಟ್ರೇನ್ ಹತ್ತೇನ್ರಿ. ಮೂರನೇ ಡಬ್ಬಿ." ಹೋಗದೆ ವಿಧಿಯಿರಲಿಲ್ಲ. ಅಟ್ಟದಿಂದ ದೂರ ನಡೆಯಲು ಹಾಕುವ ಹಳೇ ಬೂಟು ತೆಗೆದು ಹಾಕಿಕೊಂಡು, ಪುಳಿಯೋಗರೆ ಡಬ್ಬಿಗೆ ತುಂಬಿಕೊಂಡು ಸ್ಟೇಷನ್ನಿಗೆ ಹೋದೆ.

ಮೂರನೇ ಡಬ್ಬಿಯಲ್ಲಿ ಅವಳು ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ ಕೂತಿದ್ದಳು. ಮಡಿಲಲ್ಲಿ ಒಂದು ಚೀಲ, ಅದರ ಬಾಯಿಯಿಂದ ಫ್ಲಾಸ್ಕಿನ ತಲೆ ಕಾಣುತ್ತಿತ್ತು.

"ತಿಂಡಿ ಆಯ್ತಾ?" ಅಂದೆ.

"ಆತ್ರಿ. ನಿಮ್ದು?"

"ಆಯ್ತು."

ಅಲ್ಲಿಗೆ ನಮ್ಮ ಸರಕು ಮುಗಿಯಿತು. ಹೋಮ್‌ವುಡ್ ಸ್ಟೇಷನ್ನಿನವರೆಗೂ ಇಬ್ಬರೂ ಕಿಟಕಿಯಾಚೆ ನೋಡಿದೆವು. ಎಪ್ಸಮ್ ದಾಟಿದ ಮೇಲೆ ಹೊಲಗಳು ಬೆಳ್ಳಗಾದವು. ಅದನ್ನು ನೋಡುವ ನೆಪ ಸಿಕ್ಕಿದ್ದಕ್ಕೆ ಇಬ್ಬರಿಗೂ ಸಮಾಧಾನವಾಯಿತು.

ಹೋಮ್‌ವುಡ್ ಚಿಕ್ಕ ಸ್ಟೇಷನ್. ನಮ್ಮ ಹೊರತು ಯಾರೂ ಇಳಿಯಲಿಲ್ಲ. ರಸ್ತೆ ದಾಟಿ ಕಾಡಿನ ಕಾಲುದಾರಿಗೆ ಬಂದಾಗ ನನಗೆ ಮೊದಲು ಅನ್ನಿಸಿದ್ದು, ಇಷ್ಟು ನಿಶ್ಶಬ್ದದಲ್ಲಿ ಮಾತಾಡದೆ ಹೇಗೆ ನಡೆಯುವುದು ಅಂತ. ಸಟನ್ನಿನಲ್ಲಾದರೆ ಬಸ್ಸಿನ ಸದ್ದು, ಆಂಬ್ಯುಲೆನ್ಸಿನ ಸದ್ದು. ಇಲ್ಲಿ ನಮ್ಮ ಬೂಟುಗಳ ಕರಕರ ಮಾತ್ರ. ಮರಗಳ ಒಂದು ಬದಿಗೆ ಮಾತ್ರ ಹಿಮ ಮೆತ್ತಿಕೊಂಡಿತ್ತು. ಆಗಾಗ ಯಾವುದೋ ಕೊಂಬೆ ತನ್ನ ಭಾರ ಕೊಡವಿ, ನಮ್ಮ ಮುಂದೆ ಸಣ್ಣ ಪುಡಿ ಉದುರುತ್ತಿತ್ತು. ಮೊಲವೋ ನರಿಯೋ, ಯಾವುದೋ ಒಂದರ ಹೆಜ್ಜೆ ದಾರಿಯುದ್ದಕ್ಕೂ ನಮ್ಮ ಜೊತೆಗೇ ಮೇಲೆ ಹೋಗಿತ್ತು.

ಅವಳು ಮುಂದೆ, ನಾನು ಹಿಂದೆ. ಅರ್ಧ ಗಂಟೆಯಲ್ಲಿ ಏರು ಶುರುವಾಯಿತು. ಒಂದು ಕಡಿದಾದ ತಿರುವಿನಲ್ಲಿ ಬಲಗಾಲು ಎತ್ತಿದೆ, ಕಾಲು ಬಂತು, ಬೂಟಿನ ಅಟ್ಟೆ ಬರಲಿಲ್ಲ. ಬಗ್ಗಿ ನೋಡಿದರೆ ಹಿಮ್ಮಡಿಯಿಂದ ಮುಂದಿನವರೆಗೆ ಬಾಯಿ ಬಿಟ್ಟುಕೊಂಡು, ತುದಿಯಲ್ಲಷ್ಟೇ ನೇತಾಡುತ್ತಿತ್ತು. ಅಟ್ಟದ ಮೇಲೆ ಎಂಟು ವರ್ಷ ಸುಮ್ಮನೆ ಕೂತಿದ್ದ ಬೂಟು. ಅಂಟು ಒಣಗಿ ಪುಡಿಯಾಗಿತ್ತು. ಎರಡು ಹೆಜ್ಜೆ ಹಾಗೇ ಇಟ್ಟೆ. ಪಟ್, ಪಟ್ ಅಂತ ಸದ್ದು. ಅವಳಿಗೆ ಕೇಳಿಸದಿರಲಿ ಅಂತ ಕಾಲನ್ನು ಪಕ್ಕಕ್ಕೆ ತಿರುಗಿಸಿ ನಡೆದೆ.

ಅವಳು ತಿರುಗಿ ನೋಡಿದಳು. "ಅಕ್ಕಾರ, ಕಾಲಿಗೆ ಏನಾತು?"

"ಏನಿಲ್ಲ."

"ಏನಿಲ್ಲ ಅಂದ್ರ ಬಾತುಕೋಳಿ ಹಂಗ ಯಾಕ ನಡೀತೀರಿ?"

ಅಷ್ಟರಲ್ಲಿ ಅಟ್ಟೆ ಪೂರ್ತಿ ಕಳಚಿಕೊಂಡು, ಇಳಿಜಾರಿನಲ್ಲಿ ನಾಲ್ಕು ಮಾರು ಜಾರಿ ಒಂದು ಪೊದೆಯಲ್ಲಿ ನಿಂತಿತು. ಅವಳು ಹೋಗಿ ಅದನ್ನು ಎತ್ತಿಕೊಂಡು ಬಂದಳು. ನಗಲಿಲ್ಲ. ನಗದೇ ಇರಲು ಎಷ್ಟು ಕಷ್ಟಪಡುತ್ತಿದ್ದಾಳೆ ಅಂತ ಅವಳ ಭುಜ ನೋಡಿದರೆ ಗೊತ್ತಾಗುತ್ತಿತ್ತು.

"ಕೂಡ್ರಿ ಇಲ್ಲಿ," ಅಂದು ಬಿದ್ದ ಮರದ ಮೇಲಿನ ಹಿಮ ಗುಡಿಸಿದಳು. ಚೀಲದಿಂದ ಕ್ರೇಪ್ ಬ್ಯಾಂಡೇಜಿನ ಎರಡು ಸುರುಳಿ, ಒಂದು ದಪ್ಪ ಟೇಪು ತೆಗೆದಳು. ಗುಡ್ಡ ಹತ್ತಲು ಬ್ಯಾಂಡೇಜು ಯಾಕೆ ತಂದೆ ಅಂತ ಕೇಳಿದ್ದಕ್ಕೆ, "ನಾವು ಮದಿವಿಗೆ ಹೋದರೂ ಒಯ್ತೇವ್ರಿ. ಯಾರಾದರೂ ಒಬ್ಬರು ಬಿದ್ದೇ ಬೀಳ್ತಾರ," ಅಂದಳು.

ಅವಳು ಹಿಮದಲ್ಲಿ ಮಂಡಿಯೂರಿ, ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಅಟ್ಟೆಯನ್ನು ಜಾಗಕ್ಕೆ ಒತ್ತಿ ಬ್ಯಾಂಡೇಜು ಸುತ್ತತೊಡಗಿದಳು. ಪಾದದ ಕೆಳಗಿಂದ, ಹಿಮ್ಮಡಿ ಬಳಸಿ, ಎಂಟರ ಆಕಾರದಲ್ಲಿ. ಕೈ ಎಷ್ಟು ಚುರುಕು ಅಂದರೆ ನೋಡುತ್ತ ನನಗೆ ಚಳಿ ಮರೆತುಹೋಯಿತು. ಇಷ್ಟು ವರ್ಷದಲ್ಲಿ ಅವಳು ಕೆಲಸ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ಒಂದು ಕಾಲು ಮುಗಿಸಿ, ಹೇಗಿದ್ದರೂ ಎರಡನೆಯದೂ ಬಿಡುತ್ತದೆ ಅಂತ ಅದಕ್ಕೂ ಕೈ ಹಾಕಿದಳು. ತಲೆ ಬಗ್ಗಿಸಿಕೊಂಡೇ ಕೇಳಿದಳು:

"ಅಕ್ಕಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಕುಕ್ಕರಿನ ಸಿಟ್ಟು ನಿಮ್ಗ ಇನ್ನೂ ಹೋಗಿಲ್ಲೇನು?"

"ಯಾವ ಕುಕ್ಕರು?"

ಅವಳು ತಲೆ ಎತ್ತಿದಳು. "ಹತ್ತ ಲೀಟರಿಂದು. ನೀವು ಮೈಸೂರಿಂದ ತಂದಿದ್ರೆಲ್ಲಾ. ಮಗಳ ಹುಟ್ಟಿದ ದಿನಕ್ಕ ಅಂತ ನಾ ಇಸ್ಕೊಂಡಿದ್ದೆ. ಅದರ ಸೀಟಿ ಕಳದು, ಬ್ಯಾರೆ ಕಂಪನಿದು ಹಚ್ಚಿ ಕೊಟ್ಟಿದ್ದೆ. ಅದು ಕೂಡೂದಿಲ್ಲ ಅಂತ ನಂಗ ಗೊತ್ತಿತ್ತು. ನೀವು ಅವತ್ತಿನಿಂದ ಮಾತ ಬಿಟ್ರಿ."

ನಾನು ನೆನಪಿಸಿಕೊಳ್ಳಲು ನೋಡಿದೆ. ಆ ಕುಕ್ಕರು ವಾಪಸು ಬಂದ ಮೇಲೆ ನಾನು ಅದನ್ನು ಒಲೆಯ ಮೇಲೆ ಇಟ್ಟದ್ದೇ ಇಲ್ಲ. ಅಟ್ಟದಲ್ಲಿತ್ತು.

"ಸೀಟಿ ಕಳೆದಿದೆ ಅಂತಲೇ ನನಗೆ ಗೊತ್ತಿಲ್ಲ ಕಣೇ," ಅಂದೆ.

"ಗೊತ್ತಿಲ್ಲ?"

"ಇಲ್ಲ."

"ಐದು ವರ್ಷ ನಾ ಎಲ್ಲಾ ಅಂಗಡಿ ಹುಡಿಕೇನ್ರಿ. ಟೂಟಿಂಗ್, ಸೌತಾಲ್, ನಮ್ಮ ಕ್ವೀನ್ಸ್‌ಬರಿ. ಊರಿಗೆ ಹೋದಾಗೂ ಹುಡಿಕೇನಿ. ಆ ಮಾಡೆಲ್ ಬಂದ್ ಆಗ್ಯದ ಅಂದ್ರು."

ಅವಳು ಹಿಮದಲ್ಲಿ ಹಿಂದಕ್ಕೆ ಕುಸಿದು ಕೂತು ನಗತೊಡಗಿದಳು. ಆ ಹಳೆಯ, ಎರಡು ಪಟ್ಟಿನ ನಗು. ಕಾಡಿನಲ್ಲಿ ಎಲ್ಲಿಂದಲೋ ಒಂದು ಹಕ್ಕಿ ಗಾಬರಿಯಾಗಿ ಹಾರಿತು. ನನಗೂ ನಗು ಬಂತು. ಒಂದು ಕಾಲು ಅವಳ ತೊಡೆಯ ಮೇಲಿದ್ದದ್ದರಿಂದ ನಾನು ಮರದ ಮೇಲಿಂದ ಹೆಚ್ಚುಕಡಿಮೆ ಉರುಳಿಯೇಬಿಟ್ಟೆ.

ಟೇಪು ಅಂಟಿಸಿ, ಬೆನ್ನು ತಟ್ಟುವಂತೆ ಬೂಟು ತಟ್ಟಿ, "ಏಳ್ರಿ, ಭಾರ ಹಾಕ್ರಿ" ಅಂದಳು. ರೋಗಿಗಳಿಗೆ ಹೇಳುವ ಧ್ವನಿ. ಎದ್ದು ನಿಂತೆ. ಎರಡೂ ಗಟ್ಟಿಯಾಗಿದ್ದವು.

ಮುಂದೆ ಪಕ್ಕಪಕ್ಕದಲ್ಲೇ ನಡೆದೆವು. ಕೋಲ್ಡ್‌ಹಾರ್ಬರ್ ಅನ್ನುವ ಪುಟ್ಟ ಹಳ್ಳಿ ದಾಟಿದ ಮೇಲೆ ಅವಳೇ ಮತ್ತೆ ಕೇಳಿದಳು, "ಹಂಗಾರ ಸಿಟ್ಟು ಯಾತರದು?"

ಹೇಳಬೇಕೋ ಬೇಡವೋ ಅಂತ ನೂರು ಹೆಜ್ಜೆ ಯೋಚಿಸಿದೆ. ಆಮೇಲೆ ಹೇಳಿದೆ. ಆ ಸಂಜೆಯ ಫೋನು, ಆ ವಾಕ್ಯ, ಅವಳ ಮಾತಿನಲ್ಲೇ, ಒಂದಕ್ಷರ ಬಿಡದೆ. ಬಾಯಿಂದ ಹೊರಗೆ ಬಂದಾಗ ಅದು ಎಷ್ಟು ಸಾಧಾರಣ ಮಾತಾಗಿ ಕೇಳಿಸಿತು ಅಂದರೆ, ಇನ್ನೇನೋ ಬಿಟ್ಟುಹೋಗಿದೆಯೇನೋ ಅಂತ ನನಗೇ ಅನುಮಾನ ಬಂತು.

ಅವಳು ನಿಂತುಬಿಟ್ಟಳು. ಈ ಸಲ ನಗಲಿಲ್ಲ.

"ಅಕ್ಕಾರ, ಆ ಮಾತು ಆರಸಾಕ ನಮ್ಗ ಅರ್ಧ ತಾಸು ಹಿಡದಿತ್ತು."

"ಆರಿಸೋದಕ್ಕಾ?"

"ಹೂಂ. ನಾನೂ ನಿಮ್ಮ ಮೈದುನಾನೂ ಸೋಫಾದ ಮ್ಯಾಲೆ ಕೂತು, ಏನ ಹೇಳೂದು, ಏನ ಹೇಳೂದು ಅಂತ. ನನ್ನ ಮಗಳು ಪಾಸಾಗ್ಯಾಳ, ನಾ ಏನ ಅಂದ್ರೂ ನಿಮ್ಗ ಚುಚ್ಚತದ ಅಂತ ಗೊತ್ತಿತ್ತು. ಮೊದಲ, 'ದೇವರು ಇದ್ದಾನ್ರಿ' ಅನ್ನೂದು ಅಂತ ಮಾಡಿದ್ದೆ. ಅದು ಯಾರೋ ಸತ್ತಂಗ ಆಗ್ತದ ಅಂತ ಇವರು ಬಿಡಿಸಿದ್ರು. ಆಮ್ಯಾಲೆ ಇವರು, 'ಆ ಸಾಲ್ಯಾಗ ಅಂಥಾದ್ದೇನದ' ಅನ್ನು ಅಂದ್ರು. ಅಂಥಾದ್ದೇನಿಲ್ಲಂದ್ರ ನಾವ ಯಾಕ ಹಾಕೇವಿ ಅಂತ ಕೇಳ್ತಾರ ಅಂತ ನಾ ಬ್ಯಾಡ ಅಂದೆ. ಫೋನ್ ಮಾಡದನ ಬಿಡೂದು ಅಂದ್ರ, ಅದು ಸೊಕ್ಕು ಅನಸ್ತದ. ಕಡೀಕ ಇದೊಂದು ಉಳೀತು."

ನನಗೆ ಆ ಸೋಫಾ ಕಣ್ಣಿಗೆ ಬಂತು. ಅದರ ಮೇಲೆ ಇಬ್ಬರು, ನಡುವೆ ಫೋನು, ಒಂದೊಂದೇ ವಾಕ್ಯ ಎತ್ತಿ ನೋಡಿ ಕೆಳಗಿಡುತ್ತಿರುವುದು. ನಾನು ಐದು ವರ್ಷ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದ್ದೆ. ಅದು ಹೊರಟ ಮನೆಯನ್ನು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಯಿತು. ಕ್ಷಮೆ ಕೇಳೋಣವೆಂದು ಬಾಯಿ ತೆಗೆದೆ.

"ಬಾಕಿ ಮಾತುಗಳಿಗಿಂತ ಇದೇ ವಾಸಿಯಾಗಿತ್ತು ಬಿಡು," ಅಂದೆ. ಬಂದದ್ದು ಅಷ್ಟೇ.

"ಹೌದಲ್ರಿ?" ಅಂದಳು, ನಿಜವಾಗಿ ಸಮಾಧಾನವಾದವಳಂತೆ.

ಲೀತ್ ಹಿಲ್ ಅಂಥ ದೊಡ್ಡ ಗುಡ್ಡವೇನಲ್ಲ. ಸಾವಿರ ಅಡಿಗೆ ಕೊಂಚ ಕಡಿಮೆ. ಆ ಕೊರತೆ ತುಂಬಲೆಂದೇ ಹಿಂದೆ ಯಾರೋ ತುದಿಯಲ್ಲೊಂದು ಗೋಪುರ ಕಟ್ಟಿಸಿದರಂತೆ. ಕೊನೆಯ ಏರಿನಲ್ಲಿ ಪೈನ್ ಮರಗಳ ನಡುವೆ ಆ ಗೋಪುರ ಕಂಡಾಗ ನಮ್ಮಿಬ್ಬರ ಉಸಿರೂ ಕಟ್ಟಿತ್ತು. ಮೇಲೆ ಬಿಸಿಲು ಬಂದಿತ್ತು. ದಕ್ಷಿಣಕ್ಕೆ ಹೊಲಗಳೆಲ್ಲ ಬಿಳಿ, ಅವುಗಳ ಬೇಲಿಗಳು ಕಪ್ಪು ಗೆರೆ. ಸುರುಳಿ ಮೆಟ್ಟಿಲು ಹತ್ತಿ ಗೋಪುರದ ನೆತ್ತಿಗೆ ಹೋದರೆ, ಉತ್ತರಕ್ಕೆ ದೂರದಲ್ಲಿ ಲಂಡನ್. ಎತ್ತರದ ಕಟ್ಟಡಗಳು ಬೆಂಕಿಕಡ್ಡಿ ನೆಟ್ಟಷ್ಟು. ಅವಳು ಸಟನ್ ಎಲ್ಲಿ, ಕ್ವೀನ್ಸ್‌ಬರಿ ಎಲ್ಲಿ ಅಂತ ಹುಡುಕಿದಳು. ಎರಡೂ ಕಾಣಲಿಲ್ಲ. ಎಲ್ಲಿರಬಹುದೆಂದು ಇಬ್ಬರೂ ಬೇರೆಬೇರೆ ದಿಕ್ಕಿಗೆ ಬೆರಳು ತೋರಿಸಿ, ಐದು ನಿಮಿಷ ವಾದ ಮಾಡಿದೆವು.

ಕೆಳಗೆ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆವು. ನನ್ನ ಪುಳಿಯೋಗರೆ ಚಳಿಗೆ ಇಟ್ಟಿಗೆಯಾಗಿತ್ತು. ಅವಳ ಚಪಾತಿ ಸುರುಳಿಯಲ್ಲಿ ಬದನೆಕಾಯಿ ಪಲ್ಯ, ಮೇಲೆ ಶೇಂಗಾ ಚಟ್ನಿಪುಡಿ. ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತದೆ, ಹಾಕಿಕೊಂಡರೆ ತಿನ್ನಲಾಗುವುದಿಲ್ಲ. ಒಂದೊಂದು ತುತ್ತಿಗೂ ಗವಸು ಬಿಚ್ಚಿ ಹಾಕಿ ಮಾಡಿದೆವು. ಫ್ಲಾಸ್ಕಿನ ಚಹಾ ಮಾತ್ರ ಬಾಯಿ ಸುಡುವಷ್ಟು ಬಿಸಿಯಿತ್ತು.

ನಾಯಿ ಕರೆದುಕೊಂಡು ಬಂದಿದ್ದ ವಯಸ್ಸಾದ ಇಂಗ್ಲಿಷ್ ಹೆಂಗಸೊಬ್ಬರು ನನ್ನ ಕಾಲು ನೋಡಿ ನಿಂತರು. ಎರಡೂ ಕಾಲಿಗೆ ಪೆಟ್ಟಾಗಿದೆಯೇ ಅಂತ ಕಳವಳದಿಂದ ಕೇಳಿದರು. ನನ್ನ ಓರಗಿತ್ತಿ ಇಂಗ್ಲಿಷಿನಲ್ಲಿ ಗಂಭೀರವಾಗಿ, "ಕಾಲು ಚೆನ್ನಾಗಿವೆ, ಬೂಟುಗಳ ಮೂಳೆ ಮುರಿದಿದೆ" ಅಂದಳು. ಆಕೆ ಸ್ವಲ್ಪ ಯೋಚಿಸಿ, ಆರು ವಾರ ವಿಶ್ರಾಂತಿ ಬೇಕಾಗಬಹುದು ಅಂದು, ನಾಯಿಯ ಜೊತೆ ಮುಂದೆ ಹೋದರು.

ಇಳಿಯುವಾಗ ಕಷ್ಟ ಅವಳಿಗಾಯಿತು. ಬೆಳಿಗ್ಗೆ ಮೆತ್ತಗಿದ್ದ ಹಿಮ ಜನರು ತುಳಿದು ತುಳಿದು ಗಾಜಿನಂತಾಗಿತ್ತು. ಅವಳ ಹೊಸ ಬೂಟು ಜಾರತೊಡಗಿತು. ಒಮ್ಮೆ ಕೂತೇಬಿಟ್ಟಳು, ಇನ್ನೊಮ್ಮೆ ಒಂದು ಮರವನ್ನು ತಬ್ಬಿಕೊಂಡಳು. ನಾನು ಮಾತ್ರ ಮನೆಯ ಪಡಸಾಲೆಯಲ್ಲಿ ನಡೆದಂತೆ ನಡೆಯುತ್ತಿದ್ದೆ. ಬ್ಯಾಂಡೇಜಿನ ಬಟ್ಟೆ ಮಂಜುಗಡ್ಡೆಗೆ ಹಿಡಿದುಕೊಳ್ಳುತ್ತಿತ್ತು.

"ಕೈ ಕೊಡು," ಅಂದೆ.

"ಬ್ಯಾಡ್ರಿ, ನಿಮ್ಮನ್ನೂ ಕೆಡವತೇನಿ. ತಡೀರಿ." ಅವಳು ದಾರಿಯ ಬದಿಗೆ ಕೂತು, ಎರಡನೇ ಸುರುಳಿಯಲ್ಲಿ ಉಳಿದಿದ್ದ ಬ್ಯಾಂಡೇಜನ್ನು ಹಲ್ಲಿನಿಂದ ಸೀಳಿ ಎರಡು ಮಾಡಿ, ಗಟ್ಟಿಮುಟ್ಟಾದ ತನ್ನ ಹೊಸ ಬೂಟುಗಳಿಗೂ ಸುತ್ತಿಕೊಂಡಳು. ಆಮೇಲೆ ಇಬ್ಬರೂ ಕೈ ಕೈ ಹಿಡಿದುಕೊಂಡು, ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿ, ನನ್ನ ಗಂಡನ ಗೊರಕೆ, ಅವಳ ಗಂಡನ ಸೊಂಟ, ಎಲ್ಲ ಮಾತಾಡುತ್ತ ಇಳಿದೆವು. ಐದು ವರ್ಷದ ಸುದ್ದಿ ಇತ್ತು. ಗುಡ್ಡ ಚಿಕ್ಕದಾಯಿತು.

ವಾಪಸು ಟ್ರೇನಿನಲ್ಲಿ ಅವಳು ಹುಬ್ಬಳ್ಳಿಯ ತನ್ನ ಸೋದರತ್ತೆಯ ಕಥೆ ಹೇಳುತ್ತಿದ್ದಳು. ಕಥೆ ಮುಗಿದಾಗ ಸಟನ್ ದಾಟಿ ಎರಡು ಸ್ಟೇಷನ್ನು ಹೋಗಿತ್ತು. "ಇನ್ನ ಇಳದು ಏನ ಮಾಡ್ತೀರಿ? ಬರ್ರಿ, ದ್ವಾಸಿ ತಿಂದ ಹೋಗೂಣು," ಅಂದಳು. ಬಾಲಮ್‌ನಲ್ಲಿ ಇಳಿದು ಟ್ಯೂಬ್ ಎಂಬ ನೆಲದಡಿಯ ರೈಲು ಹಿಡಿದು ದೋಸೆ ಹೋಟೆಲುಗಳಿರುವ ಟೂಟಿಂಗ್‌ಗೆ ಹೋದೆವು. ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿದ ಬ್ಯಾಂಡೇಜಿನ ನಾಲ್ಕು ಕಾಲು ಹೋಟೆಲಿನೊಳಗೆ ಬಂದದ್ದನ್ನು ನೋಡಿ, ಬಡಿಸುವವನು ನಮ್ಮನ್ನು ಬಾಗಿಲಿಗೆ ತೀರ ಹತ್ತಿರದ ಮೇಜಿಗೆ ಕೂರಿಸಿದ. ನಿನ್ನದನ್ನಾದರೂ ಬಿಚ್ಚೇ ಅಂದೆ. "ಕಂಪನಿ ಇರ್ಲಿ ಬಿಡ್ರಿ," ಅಂದಳು. ಎರಡೆರಡು ಮಸಾಲೆ ದೋಸೆ ತಿಂದೆವು, ಗಂಡಂದಿರಿಗೆ ಒಂದೊಂದು ಕಟ್ಟಿಸಿಕೊಂಡೆವು. ಅವಳು ಉತ್ತರದ ಟ್ಯೂಬ್ ಹತ್ತಿದಳು. ನಾನು ಮಾರ್ಡನ್‌ವರೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಮನೆ ಸೇರಿದೆ.

ಮಗ ಬಾಗಿಲು ತೆಗೆದ. ಅವನಿಗೆ ಈಗ ಹದಿನಾರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ನನ್ನ ಅವತಾರ ನೋಡಿ, ಚಿಕ್ಕಮ್ಮ ಚೆನ್ನಾಗಿದ್ದಾರಾ ಅಂತ ಮೊದಲು ಕೇಳಿದ. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಕಾಲು ಚಾಚಿ, ಗುಡ್ಡದ ಮೇಲಿನ ಮಾತುಕತೆಯನ್ನೆಲ್ಲ ಅವನಿಗೆ ಹೇಳಿದೆ. ಸೋಫಾದ ಕಥೆಗೆ ಅವನು ತುಂಬ ನಕ್ಕ. ಆಮೇಲೆ ಇಂಗ್ಲಿಷಿನಲ್ಲಿ, ಫಲಿತಾಂಶ ಬಂದ ಆ ವಾರ ಚಿಕ್ಕಮ್ಮ ತನಗೂ ಒಂದು ಸಲ ಫೋನ್ ಮಾಡಿದ್ದರು ಅಂದ.

"ನಿನಗಾ? ಏನಂದಳು?"

ಪಿಯುಸಿಯಲ್ಲಿ ಅವಳು ಒಂದು ಸಲ ಫೇಲಾಗಿದ್ದಳಂತೆ. ಮನೆಯವರಿಗೆ ಹೇಳಲು ಹೆದರಿ, ಇಡೀ ಮಧ್ಯಾಹ್ನ ಗೆಳತಿಯ ಮನೆಯಲ್ಲಿ ಮಾವಿನಕಾಯಿ ತಿಂದು, ಹೊಟ್ಟೆನೋವು ಬರಿಸಿಕೊಂಡು ಮನೆಗೆ ಹೋದಳಂತೆ. ಹೊಟ್ಟೆನೋವಿನ ಗಲಾಟೆಯಲ್ಲಿ ಎರಡು ದಿನ ಯಾರೂ ಫಲಿತಾಂಶ ಕೇಳಲೇ ಇಲ್ಲವಂತೆ. ಇದನ್ನು ಅವಳು ನಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹನ್ನೊಂದು ವರ್ಷದ ಹುಡುಗನಿಗೆ ಹೇಳಿದ್ದಳು.

"ನನಗೆ ಯಾಕೋ ಹೇಳಲಿಲ್ಲ ನೀನು?"

"ಯು ನೆವರ್ ಆಸ್ಕ್ಡ್," ಅಂದು, ಅಪ್ಪನ ದೋಸೆಯ ಪೊಟ್ಟಣ ಎತ್ತಿಕೊಂಡು ಅವನು ಅಡುಗೆಮನೆಗೆ ಹೋದ.

ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಾಗ ಅವಳ ಫೋನು ಬಂತು. "ಮನಿ ಮುಟ್ಟಿದೆ ಅಕ್ಕಾರ," ಅಂದಳು. ಹಿಂದಿನಿಂದ ಮೈದುನ ನರಳುವುದು ಕೇಳಿಸುತ್ತಿತ್ತು, ದೋಸೆ ತಿನ್ನುತ್ತಲೇ ನರಳುತ್ತಿದ್ದಾನೆ ಅಂದಳು. ಬಕೆಟ್ಟಿನ ನೀರು ತಣ್ಣಗಾದದ್ದು ನನಗೆ ತಿಳಿಯಲಿಲ್ಲ. ಡ್ಯೂಟಿ ಮುಗಿಸಿ ಬಂದ ನನ್ನ ಗಂಡ ಕೋಟು ಬಿಚ್ಚುತ್ತ, ಯಾರದು ಫೋನು ಅಂತ ಸನ್ನೆಯಲ್ಲಿ ಕೇಳಿದರು. ಅವರ ತಮ್ಮನ ಮನೆಯ ಕಡೆ, ಉತ್ತರಕ್ಕೆ ಬೆರಳು ತೋರಿಸಿದೆ. ನಂಬಲಿಲ್ಲ, ಕೂತು ಕೇಳಿಸಿಕೊಂಡರು.